ಇಪ್ಪತ್ತು ಕೋಟಿ ಹುಳುಗಳ ರಾತ್ರಿ

ಎಣಿಸಲು ಹೊರಟವನಿಗೆ ಬೆರಗು ದಕ್ಕುವುದಿಲ್ಲ ಎಂದು ನಂಬಿದವರು ಬಹಳ ಮಂದಿ. ನಕ್ಷತ್ರವನ್ನು ನೋಡಬೇಕು, ಅಳೆಯಬಾರದು. ಹೊಳೆಯ ದಡದಲ್ಲಿ ಸುಮ್ಮನೆ ಕೂರಬೇಕು, ಎಷ್ಟು ಕ್ಯೂಸೆಕ್ ಎಂದು ಕೇಳಬಾರದು ಎನ್ನುತ್ತಾರೆ. ವ್ಯವಹಾರ ನಿರ್ವಹಣೆಯ ಶಾಲೆಯಲ್ಲಿ ಸರತಿ, ದಾಸ್ತಾನು, ಸರಬರಾಜು, ದತ್ತಾಂಶ ಎಂದು ಪಾಠ ಹೇಳುತ್ತಲೇ ತಲೆ ನರೆತ ನನಗೆ ಈ ಮಾತು ಯಾವತ್ತೂ ಸರಿ ಕಂಡಿಲ್ಲ. ನನಗೆ ದಕ್ಕಿದ ಬೆರಗೆಲ್ಲ ಎಣಿಕೆಯ ದಾರಿಯಲ್ಲೇ ಸಿಕ್ಕಿದ್ದು. ಅದರಲ್ಲೂ ಹೆಚ್ಚಿನದು ಸಿಕ್ಕಿದ್ದು ವಿದುರಾಶ್ವತ್ಥದ ಸುತ್ತಲಿನ ಈ ಬಯಲುಸೀಮೆಯಲ್ಲಿ. ಉತ್ತರ ಪಿನಾಕಿನಿ ವರ್ಷದ ಬಹುಕಾಲ ಬರೀ ಮರಳಾಗಿ ಮಲಗಿರುವ, ಬಂಡೆಗುಡ್ಡಗಳ ನಡುವೆ ಕೆರೆಗಳು ಮಳೆಗೆ ಕಾಯುವ, ನೋಡಿದವರು ಇಲ್ಲೇನಿದೆ ಎಂದುಕೊಂಡು ಮುಂದೆ ಸಾಗುವ ಸೀಮೆ.

ಮೊದಲು ಶಿಡ್ಲಘಟ್ಟದ ವಿಷಯ ಹೇಳಬೇಕು. ಅಲ್ಲಿನ ಸರ್ಕಾರಿ ರೇಷ್ಮೆಗೂಡಿನ ಮಾರುಕಟ್ಟೆ ರಾಮನಗರದ ನಂತರ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದದ್ದು. ಬೆಳಗಾಗುವ ಮುಂಚೆಯೇ ಟೆಂಪೊ, ಬಸ್ಸು, ಬೈಕುಗಳಲ್ಲಿ ಗೂಡಿನ ಚೀಲಗಳು ಬಂದಿಳಿಯುತ್ತವೆ. ರೈತರು ಗೂಡನ್ನು ಜಾಲರಿಗೆ ಸುರಿದು ಕೈಯಾಡಿಸಿ ಹರಡುತ್ತಾರೆ. ಪ್ರತಿ ರಾಶಿಗೂ ಒಂದು ಲಾಟು ಸಂಖ್ಯೆ. ಗೂಡು ಬಿಚ್ಚಿ ನೂಲು ತೆಗೆಯುವ ರೀಲರುಗಳು ಒಂದೊಂದೇ ಜಾಲರಿಯ ಬಳಿ ನಿಂತು, ಹಿಡಿಗೂಡು ಎತ್ತಿ, ಎರಡು ಬೆರಳಲ್ಲಿ ಒತ್ತಿ ನೋಡಿ, ಕಿವಿಯ ಹತ್ತಿರ ಅಲ್ಲಾಡಿಸಿ, ಮುಂದಿನ ಜಾಲರಿಗೆ ಹೋಗುತ್ತಾರೆ. ಮುಂಚೆ ಬಾಯಿಯಲ್ಲಿ ಕೂಗುತ್ತಿದ್ದ ಹರಾಜು ಈಗ ಮೊಬೈಲಿಗೆ ಬಂದಿದೆ. ಬೆರಳು ಆಡಿತು, ಬೆಲೆ ಬಿತ್ತು. ಒಪ್ಪಿಗೆಯಾಗದಿದ್ದರೆ ರೈತ ಬೇಡ ಎನ್ನಬಹುದು.

ಆದರೆ ಬಹಳ ಹೊತ್ತು ಬೇಡ ಎನ್ನುವಂತಿಲ್ಲ. ಗೂಡಿನೊಳಗೆ ಕೋಶ ಜೀವಂತವಾಗಿದೆ. ಹುಳು ಗೂಡು ಕಟ್ಟತೊಡಗಿದ ಹತ್ತು ಹನ್ನೆರಡು ದಿನಕ್ಕೆ ಚಿಟ್ಟೆಯಾಗಿ ಗೂಡು ಸೀಳಿ ಹೊರಬರುತ್ತದೆ. ಬಂದರೆ ಎಳೆ ಕತ್ತರಿಸಿಹೋಗಿ ಆ ಗೂಡು ಬಿಚ್ಚಲು ಬಾರದು. ಐದಾರನೇ ದಿನ ಚಂದ್ರಿಕೆಯಿಂದ, ಅಂದರೆ ಹುಳು ಗೂಡು ಕಟ್ಟುವ ತಟ್ಟಿಯಿಂದ, ಗೂಡು ಬಿಡಿಸಿ, ಮಾರುಕಟ್ಟೆಗೆ ತಂದು, ಮಾರಿ, ರೀಲರ್ ಅದನ್ನು ಆವಿಗೆ ಹಾಕುವವರೆಗೆ ಉಳಿಯುವುದು ಕೆಲವೇ ದಿನ. ಮಾರುವವನಿಗೂ ಕೊಳ್ಳುವವನಿಗೂ ಇದು ಗೊತ್ತು. ಕರ್ನಾಟಕದಲ್ಲಿ ಗೂಡು ಸರ್ಕಾರಿ ಮಾರುಕಟ್ಟೆಯಲ್ಲೇ ಬಹಿರಂಗವಾಗಿ ಮಾರಾಟವಾಗಬೇಕೆಂಬ 1959ರ ಕಾಯ್ದೆಯ ಹಿಂದಿರುವ ವಿವೇಕವೂ ನನ್ನ ಪ್ರಕಾರ ಇದೇ. ಅವಸರದಲ್ಲಿರುವ ರೈತನನ್ನು ಮನೆಬಾಗಿಲಲ್ಲಿ ಒಬ್ಬನೇ ಸಿಕ್ಕಿಸಿಕೊಂಡು ಬೆಲೆ ಮುರಿಯುವುದು ಬಹಳ ಸುಲಭ. ನೂರಾರು ಜನ ನೋಡುತ್ತಿರುವಾಗ ಅದು ಅಷ್ಟು ಸುಲಭವಲ್ಲ.

ಇಲ್ಲಿಂದ ನನ್ನ ಲೆಕ್ಕ ಶುರು. ನಮ್ಮ ಶಾಸ್ತ್ರದಲ್ಲಿ ಒಂದು ನಿಯಮವಿದೆ. ಅಮೆರಿಕದ ಜಾನ್ ಲಿಟಲ್ ಅದನ್ನು 1961ರಲ್ಲಿ ಸಾಧಿಸಿ ತೋರಿಸಿದರು. ಒಂದು ವ್ಯವಸ್ಥೆಯೊಳಗೆ ಸರಾಸರಿ ಎಷ್ಟು ಮಂದಿ ಇದ್ದಾರೆಂದು ತಿಳಿಯಲು ಒಳಗೆ ಹೋಗಬೇಕಿಲ್ಲ. ದಿನಕ್ಕೆ ಎಷ್ಟು ಮಂದಿ ಬಂದುಹೋಗುತ್ತಾರೆ, ಒಬ್ಬೊಬ್ಬರು ಎಷ್ಟು ದಿನ ಒಳಗಿರುತ್ತಾರೆ, ಈ ಎರಡನ್ನು ಗುಣಿಸಿದರೆ ಸಾಕು. ಆಸ್ಪತ್ರೆಯಾಗಲಿ, ಬ್ಯಾಂಕಾಗಲಿ, ಕಾರ್ಖಾನೆಯಾಗಲಿ ಒಂದೇ ನಿಯಮ. ಬರುವವರು ಗುಂಪಾಗಿ ಬರಲಿ, ಚದುರಿ ಬರಲಿ, ದೀರ್ಘಕಾಲದ ಸರಾಸರಿಯಲ್ಲಿ ಅದು ತಪ್ಪುವುದಿಲ್ಲ. ಇಷ್ಟು ಸರಳವಾದದ್ದು ಇಷ್ಟು ವ್ಯಾಪಕವಾಗಿ ಹೇಗೆ ನಿಜವಾಗಿರುತ್ತದೆ ಎಂಬ ವಿಸ್ಮಯ ನನಗೆ ಇನ್ನೂ ಹಳತಾಗಿಲ್ಲ.

ಇದನ್ನು ಗೂಡಿನ ಮಾರುಕಟ್ಟೆಗೆ ಹಚ್ಚಿ ನೋಡೋಣ. ಲೆಕ್ಕ ಸುಲಭವಾಗಲಿ ಎಂದು ದಿನಕ್ಕೆ ಹತ್ತು ಸಾವಿರ ಕಿಲೊ ಗೂಡು ಬರುತ್ತದೆ ಎಂದಿಟ್ಟುಕೊಳ್ಳಿ. ಮೊಟ್ಟೆಯೊಡೆದು ಬಂದ ಮರಿ ನಾಲ್ಕು ಜ್ವರ, ಅಂದರೆ ಪೊರೆ ಕಳಚುವ ನಾಲ್ಕು ಘಟ್ಟ ದಾಟಿ, ಹಣ್ಣಾಗಿ, ಚಂದ್ರಿಕೆ ಹತ್ತಿ, ಗೂಡಾಗಿ ಚೀಲಕ್ಕೆ ಸೇರಲು ಸುಮಾರು ಮೂವತ್ತು ದಿನ. ಹತ್ತು ಸಾವಿರವನ್ನು ಮೂವತ್ತರಿಂದ ಗುಣಿಸಿದರೆ ಮೂರು ಲಕ್ಷ ಕಿಲೊ. ಮಿಶ್ರತಳಿಯ ಗೂಡು ಕಿಲೊಗೆ ಆರುನೂರೈವತ್ತರ ಆಸುಪಾಸು ತೂಗುತ್ತದೆ. ಅಂದರೆ ಈ ಮಾರುಕಟ್ಟೆಯ ಕಡೆಗೆ ಸಾಗಿರುವ ಇಪ್ಪತ್ತು ಕೋಟಿಗೆ ಹತ್ತಿರದ ಹುಳುಗಳು ಈ ರಾತ್ರಿ ಹಳ್ಳಿಹಳ್ಳಿಗಳ ಹುಳುಮನೆಗಳಲ್ಲಿ ಬದುಕಿವೆ. ಕೆಲವು ನಿನ್ನೆಯಷ್ಟೇ ಮೊಟ್ಟೆಯಿಂದ ಬಂದ ಕಪ್ಪು ಚುಕ್ಕೆಗಳು. ಕೆಲವು ಐದನೇ ಹಂತದಲ್ಲಿ ಹಗಲು ರಾತ್ರಿ ಸೊಪ್ಪು ಮೇಯುತ್ತಿವೆ. ಹುಟ್ಟಿದಾಗಿನ ತೂಕದ ಹತ್ತು ಸಾವಿರ ಪಟ್ಟು ಬೆಳೆದುಬಿಟ್ಟಿವೆ. ಇನ್ನು ಕೆಲವು ತಲೆಯನ್ನು ಎಂಟರ ಆಕಾರದಲ್ಲಿ ಆಡಿಸುತ್ತ ಎಳೆ ಬಿಡುತ್ತಿವೆ. ಯಾವ ಮನೆಯ ಕದವನ್ನೂ ತಟ್ಟದೆ, ಮಾರುಕಟ್ಟೆಯ ತಕ್ಕಡಿಯ ಒಂದು ಅಂಕಿಯಿಂದ ಇಷ್ಟು ತಿಳಿಯಿತು.

ಎಳೆಯನ್ನೂ ಲೆಕ್ಕ ಹಾಕಿ. ಒಂದು ಗೂಡಿನಲ್ಲಿ ಆರುನೂರು ಮೀಟರ್ ಎಂದುಕೊಂಡರೂ ಇಪ್ಪತ್ತು ಕೋಟಿ ಹುಳುಗಳ ಎಳೆ ಹನ್ನೆರಡು ಕೋಟಿ ಕಿಲೋಮೀಟರ್ ಆಗುತ್ತದೆ. ಸೂರ್ಯ ನಮ್ಮಿಂದ ಹದಿನೈದು ಕೋಟಿ ಕಿಲೋಮೀಟರ್ ದೂರದಲ್ಲಿದ್ದಾನೆ. ಒಂದು ತಿಂಗಳ ಬೆಳೆಯ ಎಳೆಯನ್ನು ತುದಿಗೆ ತುದಿ ಜೋಡಿಸಿದರೆ ಸೂರ್ಯನ ದಾರಿಯಲ್ಲಿ ಮುಕ್ಕಾಲು ಭಾಗ ದಾಟುತ್ತದೆ. ಮೊದಲ ಸಲ ಈ ಲೆಕ್ಕ ಮುಗಿಸಿದಾಗ ಸೊನ್ನೆಗಳು ಹೆಚ್ಚಾದವೇನೋ ಎಂದು ಮತ್ತೆ ಮತ್ತೆ ನೋಡಿದೆ. ಹೆಚ್ಚಾಗಿರಲಿಲ್ಲ.

ಇದೇ ಲೆಕ್ಕವನ್ನು ಶಿಡ್ಲಘಟ್ಟದ ಕಡೆಯ ಒಂದು ಮನೆಯಲ್ಲಿ ಉತ್ಸಾಹದಿಂದ ವಿವರಿಸುತ್ತಿದ್ದೆ. ಹುಳು ಸಾಕುವ ಆ ತಾಯಿ ಸೊಪ್ಪು ಹಾಕುತ್ತಲೇ ಕೇಳಿಸಿಕೊಂಡು, “ಹೋದ ಬೆಳೆ ಪೂರ್ತಿ ಹೋಯ್ತು ಸಾರ್. ಮಾರ್ಕೆಟ್ಟಿಗೆ ನಾವು ಹೋಗ್ಲೇ ಇಲ್ಲ” ಎಂದರು. ದೂರಿನ ಧ್ವನಿಯೇನೂ ಇರಲಿಲ್ಲ. ಆದರೆ ನನ್ನ ಇಪ್ಪತ್ತು ಕೋಟಿಯೊಳಗೆ ಆ ಮನೆಯ ಹೋದ ಬೆಳೆಗೆ ಜಾಗವಿರಲಿಲ್ಲ. ತಕ್ಕಡಿ ತೂಗುವುದು ಬದುಕಿ ಗೂಡು ಕಟ್ಟಿದ ಹುಳುಗಳನ್ನು ಮಾತ್ರ. ರೋಗ ಬಂದು ತಟ್ಟೆಯಲ್ಲೇ ಸತ್ತವು, ಊಜಿ ನೊಣ ಕುಕ್ಕಿದವು, ಸೊಪ್ಪಿಗೆ ಹೊಡೆದ ಔಷಧದ ವಿಷ ತಿಂದವು, ಇವಕ್ಕೆ ಲಾಟು ಸಂಖ್ಯೆ ಇಲ್ಲ. ಇಂಥ ದಿನಗಳಲ್ಲಿ ಗೂಡು ಕಡಿಮೆ ಬರುತ್ತದೆ, ಬೆಲೆ ಏರುತ್ತದೆ, ಏರಿದ ಬೆಲೆ ಸಂತೋಷದ ಸುದ್ದಿಯಾಗಿಯೂ ಓದಿಸಿಕೊಳ್ಳಬಹುದು. ಮಾರಲು ಗೂಡೇ ಇಲ್ಲದವರ ಮನೆಗೆ ಆ ಏರಿಕೆಯಿಂದ ಏನು ಬಂತು?

ಅಂದಿನಿಂದ ಎರಡು ಸಂಗತಿಗಳು ನನ್ನೊಳಗೆ ಒಟ್ಟಿಗೇ ಕೂತಿವೆ. ಒಂದೇ ಅಂಕಿಯಿಂದ ಕಾಣದ ಲೋಕವೊಂದನ್ನು ಕಾಣಬಹುದೆಂಬ ಬೆರಗು ಒಂದು. ಆ ಅಂಕಿ ಹುಟ್ಟಿದ ಜಾಗ ಯಾವುದು, ಅಲ್ಲಿಗೆ ತಲುಪಲಾರದವರು ಯಾರು ಎಂಬ ಕೇಳ್ವಿ ಇನ್ನೊಂದು. ಎರಡನೆಯದು ಮೊದಲನೆಯದನ್ನು ತಗ್ಗಿಸುತ್ತದೆಂದು ನನಗೆ ಅನ್ನಿಸುವುದಿಲ್ಲ. ಅದಕ್ಕೆ ಕಾರಣ ಗೌರಿಬಿದನೂರು.

ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರ 1960ರ ದಶಕದ ನಡುವೆ ಬ್ರಿಟನ್ನಿನ ಅಣುಶಕ್ತಿ ಸಂಸ್ಥೆಯ ಸಹಕಾರದಿಂದ ಗೌರಿಬಿದನೂರಿನಲ್ಲಿ ಭೂಕಂಪಮಾಪಕಗಳ ಒಂದು ಸಾಲನ್ನು ಸ್ಥಾಪಿಸಿತು. ಒಟ್ಟು ಇಪ್ಪತ್ತು ಮಾಪಕಗಳು. ಒಂದಕ್ಕೊಂದು ಅಡ್ಡವಾಗಿ, ಇಂಗ್ಲಿಷಿನ ಎಲ್ ಅಕ್ಷರದಂತೆ, ಇಪ್ಪತ್ತು ಕಿಲೋಮೀಟರಿಗೂ ಉದ್ದದ ಎರಡು ತೋಳುಗಳಲ್ಲಿ ಅವನ್ನು ನೆಲಕ್ಕಿಳಿಸಿದ್ದಾರೆ. ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್, ಕೆನಡಾದ ಯೆಲ್ಲೋನೈಫ್, ಆಸ್ಟ್ರೇಲಿಯಾದ ವಾರಮಂಗಾ ಇದರ ಒಡಹುಟ್ಟುಗಳು. ಜಗತ್ತಿನಲ್ಲಿ ಯಾರು ಎಲ್ಲಿ ನೆಲದಡಿ ಅಣುಬಾಂಬು ಸಿಡಿಸಿದರೂ ತಿಳಿಯಬೇಕು ಎಂಬುದು ಆ ಕಾಲದ ತುರ್ತು. ಅದಕ್ಕೆ ನಮ್ಮ ಸೀಮೆಯೇ ಏಕೆ? ಇಲ್ಲಿನ ಬಂಡೆ ಬಹಳ ಪುರಾತನ, ಗಟ್ಟಿ. ಸಮುದ್ರ ದೂರವಿರುವುದರಿಂದ ಅಲೆಗಳ ತುಡಿತ ನೆಲಕ್ಕೆ ಹೆಚ್ಚು ತಟ್ಟುವುದಿಲ್ಲ. ನೀರಿಗಾಗಿ ಸಾವಿರ ಅಡಿ ಕೊರೆದರೂ ಕೈಕೊಡುವ, ರೈತರು ಶಪಿಸುವ ಅದೇ ಬಂಡೆ ಭೂಮಿಯ ಸದ್ದನ್ನು ಕೇಳಲು ಹೇಳಿ ಮಾಡಿಸಿದಂತಿದೆ.

ಮಾಪಕ ಇಪ್ಪತ್ತು ಏಕೆ, ಒಂದೇ ಸಾಲದೆ? ಇಲ್ಲಿಯೇ ನನಗೆ ಮೈ ಜುಮ್ಮೆನ್ನುವುದು. ನಾಲ್ಕು ಸಾವಿರ ಕಿಲೋಮೀಟರ್ ಆಚೆ, ಮಧ್ಯ ಏಷ್ಯಾದ ನೆಲದಡಿ ಸ್ಫೋಟವಾದರೆ ಅದರ ಅಲೆ ಭೂಮಿಯ ಒಡಲಲ್ಲಿ ಹಾದು ಏಳೆಂಟು ನಿಮಿಷದಲ್ಲಿ ಇಲ್ಲಿಗೆ ಬರುತ್ತದೆ. ಬರುವಷ್ಟರಲ್ಲಿ ಎಷ್ಟು ಕ್ಷೀಣವಾಗಿರುತ್ತದೆಂದರೆ ಪಕ್ಕದ ರಸ್ತೆಯ ಲಾರಿ, ಹೊಲದ ಪಂಪು, ಮರದ ಬೇರನ್ನು ಅಲುಗಿಸುವ ಗಾಳಿ ಇವುಗಳ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಒಂದೇ ಮಾಪಕವಿದ್ದರೆ ಕೇಳುವುದು ಆ ಗದ್ದಲ ಮಾತ್ರ. ಆದರೆ ಒಂದು ಮಾಪಕದ ಬಳಿ ಹೋದ ಲಾರಿ ಹತ್ತು ಕಿಲೋಮೀಟರ್ ಆಚೆಯ ಮಾಪಕದ ಬಳಿ ಅದೇ ಕ್ಷಣ ಹೋಗುವುದಿಲ್ಲ. ದೂರದಿಂದ ಬಂದ ಅಲೆಯಾದರೆ ಎಲ್ಲ ಮಾಪಕಗಳನ್ನೂ ಒಂದೆರಡು ಸೆಕೆಂಡಿನೊಳಗೆ, ಕ್ರಮ ತಪ್ಪದೆ, ಒಂದಾದ ಮೇಲೊಂದರಂತೆ ತಟ್ಟುತ್ತದೆ. ಆ ತಡವನ್ನು ಲೆಕ್ಕ ಹಾಕಿ, ಇಪ್ಪತ್ತೂ ದಾಖಲೆಗಳನ್ನು ಅಷ್ಟಷ್ಟು ಹಿಂದಕ್ಕೆ ಸರಿಸಿ ಕೂಡಿದರೆ ಅಲೆ ಇಪ್ಪತ್ತು ಪಟ್ಟಾಗುತ್ತದೆ. ಗದ್ದಲ ತಮ್ಮತಮ್ಮಲ್ಲೇ ಕಡಿದಾಡಿಕೊಂಡು ಇಪ್ಪತ್ತರ ವರ್ಗಮೂಲದಷ್ಟು, ಅಂದರೆ ನಾಲ್ಕೂವರೆ ಪಟ್ಟು ಮಾತ್ರ ಬೆಳೆಯುತ್ತದೆ. ಯಾವ ಕಡೆಯಿಂದ ತಡ ಹೆಚ್ಚುತ್ತದೆ ಎಂಬುದರಿಂದ ದಿಕ್ಕೂ ಗೊತ್ತಾಗುತ್ತದೆ. ಅಲೆಯ ಸ್ವರೂಪದಿಂದ ಅದು ಭೂಕಂಪವೋ ಮನುಷ್ಯ ಮಾಡಿದ ಸ್ಫೋಟವೋ ಎಂಬುದನ್ನು ಬೇರ್ಪಡಿಸುತ್ತಾರೆ. 1998ರ ಮೇ 11ರಂದು ಪೋಖ್ರಾನಿನಲ್ಲಿ ನಮ್ಮವರೇ ಸಿಡಿಸಿದ್ದನ್ನೂ ಗೌರಿಬಿದನೂರಿನ ನೆಲ ದಾಖಲಿಸಿತು.

ಇದೇ ತಾಲ್ಲೂಕಿನ ಇನ್ನೊಂದು ಬಯಲಿನಲ್ಲಿ ಆಕಾಶಕ್ಕೆ ಕಿವಿಗೊಟ್ಟು ನಿಂತ ರೇಡಿಯೊ ದೂರದರ್ಶಕವಿದೆ. ಬೆಂಗಳೂರಿನ ಭಾರತೀಯ ತಾರಾಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ 1970ರ ದಶಕದಲ್ಲಿ ಟಿ ಆಕಾರದಲ್ಲಿ ಸಾವಿರ ಆಂಟೆನಾಗಳನ್ನು ನೆಟ್ಟು ಕಟ್ಟಿದ್ದು. 34.5 ಮೆಗಾಹರ್ಟ್ಸ್ ಕಂಪನಾಂಕ, ಸುಮಾರು ಎಂಟೂಮುಕ್ಕಾಲು ಮೀಟರ್ ಉದ್ದದ ಅಲೆ. ಮುಂದೆ ಸೂರ್ಯನ ಹೊರವಲಯವನ್ನು ದಿನವೂ ಗಮನಿಸುವ ಬೇರೆ ಆಂಟೆನಾ ಸಾಲೂ ಬಂತು. ಸೂತ್ರ ಮಾತ್ರ ಅದೇ: ಒಬ್ಬೊಬ್ಬರಿಗೂ ಸರಿಯಾಗಿ ಕೇಳಿಸದ್ದನ್ನು ದೂರದೂರ ನಿಂತು, ತಡವನ್ನು ಹೊಂದಿಸಿ, ಕೂಡಿ ಕೇಳುವುದು. ರೀಲರ್ ಮಾಡುವುದೂ ಇದರಿಂದ ಬಹಳ ದೂರವಿಲ್ಲ. ಒಂದು ಗೂಡಿನ ಎಳೆ ನೇಯಲಾಗದಷ್ಟು ಸಣ್ಣ. ಬಿಸಿನೀರಿನಲ್ಲಿ ತೇಲುವ ಏಳೆಂಟು ಗೂಡುಗಳ ಎಳೆ ಕೂಡಿಸಿಯೇ ನೂಲು. ಒಂದು ಗೂಡು ಮುಗಿಯುತ್ತ ಬಂದಂತೆ ನೂಲು ತೆಳುವಾಗುವ ಮುಂಚೆ ಇನ್ನೊಂದರ ಎಳೆ ಸೇರಿಸಬೇಕು. ಆ ಬೆರಳುಗಳ ವೇಗವನ್ನು ನೋಡುತ್ತ ನಿಂತರೆ ಹೊತ್ತು ಹೋದದ್ದು ತಿಳಿಯುವುದಿಲ್ಲ.

ಎಣಿಕೆಯನ್ನು ಇಷ್ಟು ಪ್ರೀತಿಸಿದ ಇನ್ನೊಬ್ಬರು ಇದೇ ಜಿಲ್ಲೆಯ ಮುದ್ದೇನಹಳ್ಳಿಯವರು. ವಿಶ್ವೇಶ್ವರಯ್ಯನವರ ಸ್ವಯಂಚಾಲಿತ ಕವಾಟಗಳು 1903ರಲ್ಲಿ ಪುಣೆಯ ಬಳಿಯ ಖಡಕವಾಸ್ಲಾ ಜಲಾಶಯದಲ್ಲಿ ನಿಂತವು. ನೀರು ಒಂದು ಮಟ್ಟ ಮುಟ್ಟಿದೊಡನೆ ತಾವೇ ತೆರೆದು, ಇಳಿದೊಡನೆ ತಾವೇ ಮುಚ್ಚುವ ಬಾಗಿಲುಗಳು. ಅಳತೆಯೇ ಕೆಲಸವಾಗುವ ಆ ಜಾಣ್ಮೆಯನ್ನು ನಾನು ಇಂದಿಗೂ ತರಗತಿಯಲ್ಲಿ ಮೊದಲ ಪಾಠವಾಗಿ ಹೇಳುತ್ತೇನೆ. ಮನುಷ್ಯರ ಲೆಕ್ಕ ಬಂದಾಗ ಮಾತ್ರ ಅಂಥ ಬಾಗಿಲು ಸಾಲದು. ಅಲ್ಲಿ ಯಾರು ಅಳೆದರು ಎಂಬುದೂ ಅಳತೆಯೊಳಗೇ ಬೆರೆತಿರುತ್ತದೆ.

ವಿದುರಾಶ್ವತ್ಥದಲ್ಲಿ ಇದು ತೀರ ಸ್ಪಷ್ಟವಾಗಿ ಕಾಣುತ್ತದೆ. ವಿದುರ ನೆಟ್ಟದ್ದೆಂದು ಜನ ನಂಬಿ ಬಂದ ಅರಳಿಮರ 2001ರಲ್ಲಿ ಉರುಳಿತು. ಸುತ್ತ ಸಾವಿರಾರು ನಾಗರಕಲ್ಲುಗಳು ಉಳಿದಿವೆ. ಮಕ್ಕಳಾಗಲೆಂದು, ದೋಷ ಕಳೆಯಲೆಂದು ತಲೆಮಾರುಗಳಿಂದ ಜನ ಪ್ರತಿಷ್ಠೆ ಮಾಡಿಸಿದವು. ಕಲ್ಲುಗಳನ್ನು ಎಣಿಸಬಹುದು. ಹರಕೆ ಏನಾಯಿತೆಂಬುದು ಆ ಎಣಿಕೆಗೆ ಸಿಗದು. ಕಲ್ಲು ಮಾಡಿಸಲು ಕಾಸಿಲ್ಲದೆ ಬರೀ ಕೈಮುಗಿದು ಹೋದ ಹೆಣ್ಣುಮಕ್ಕಳ ಲೆಕ್ಕವೂ ಸಿಗದು.

ಅದೇ ನೆಲದಲ್ಲಿ 1938ರ ಏಪ್ರಿಲ್ 25ರಂದು ಗುಂಡು ಹಾರಿತು. ಅದೇ ತಿಂಗಳು ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆದಿತ್ತು. ಅದರ ಕಾವು ಇಲ್ಲಿಗೂ ಹಬ್ಬಿ, ನಿಷೇಧ ಮೀರಿ ಜನ ನೆರೆದರು. ಪೊಲೀಸರು ಗುಂಡು ಹೊಡೆದರು. ಸತ್ತವರು ಎಷ್ಟು? ಅಂದಿನ ಸರ್ಕಾರ ಒಪ್ಪಿದ ಸಂಖ್ಯೆಯೇ ಬೇರೆ. ಜನ ಹೇಳುತ್ತ ಬಂದದ್ದು ಅದಕ್ಕಿಂತ ಬಹಳ ದೊಡ್ಡದು, ಮೂವತ್ತಕ್ಕೂ ಮೇಲೆ. ಕರ್ನಾಟಕದ ಜಲಿಯನ್‌ವಾಲಾಬಾಗ್ ಎಂದು ಈ ಊರನ್ನು ಕರೆಯುವಾಗ ನಾವು ನೆನೆಯುವುದು ಈ ಎರಡನೆಯ ಲೆಕ್ಕವನ್ನು. ಇದಾದ ಮೇಲೆ ವಲ್ಲಭಭಾಯಿ ಪಟೇಲರೂ ಆಚಾರ್ಯ ಕೃಪಲಾನಿಯವರೂ ಮೈಸೂರು ಸಂಸ್ಥಾನಕ್ಕೆ ಬಂದರು. ದಿವಾನ್ ಮಿರ್ಜಾ ಇಸ್ಮಾಯಿಲರ ಜೊತೆ ಒಪ್ಪಂದವಾಯಿತು. ಸಂಸ್ಥಾನದ ಧ್ವಜದ ಜೊತೆ ಕಾಂಗ್ರೆಸ್ ಧ್ವಜ ಹಾರಿಸಲು ಅವಕಾಶವಾಯಿತು.

ಗುಂಡು ಹೊಡೆದ ಆಡಳಿತವೇ ಎಣಿಸಿದ ಲೆಕ್ಕ ನನಗೆ ಒಂಟಿ ಮಾಪಕದ ದಾಖಲೆಯಂತೆ ಕಾಣುತ್ತದೆ. ಅದರ ಪಕ್ಕದಲ್ಲಿ ಓಡುವ ಲಾರಿ ಅದರದೇ ಲಾರಿ. ಗಾಯಗೊಂಡು ಮನೆ ಸೇರಿ ಆಮೇಲೆ ತೀರಿಕೊಂಡವರಿರಬಹುದು, ಭಯದಿಂದ ಹೆಸರು ಹೇಳದೆ ಮಣ್ಣು ಮಾಡಿದವರಿರಬಹುದು. ಅಂಥವರು ಠಾಣೆಯ ಪುಸ್ತಕಕ್ಕೆ ಬರುವುದು ಹೇಗೆ? ಸುತ್ತಲ ಹಳ್ಳಿಗಳಲ್ಲಿ ದೂರದೂರ ನಿಂತು ಕೇಳಿದವರ, ನೋಡಿದವರ, ಕಳೆದುಕೊಂಡವರ ಮಾತುಗಳನ್ನು ಕೂಡಿಸಿದಾಗ ಬೇರೆ ಲೆಕ್ಕ ಎದ್ದು ಬರುತ್ತದೆ. ನೆನಪಿನಲ್ಲೂ ಗದ್ದಲವಿರುತ್ತದೆ, ನಿಜ. ಎಲ್ಲರೂ ಒಂದೇ ಸುದ್ದಿಯನ್ನು ಒಬ್ಬರಿಂದೊಬ್ಬರು ಕೇಳಿ ಹೇಳಿದರೆ ಕೂಡಿಸಿ ಪ್ರಯೋಜನವಿಲ್ಲ; ಇಪ್ಪತ್ತು ಮಾಪಕಗಳನ್ನು ಒಂದೇ ಗುಂಡಿಯಲ್ಲಿ ಹೂತಂತೆ. ಬೇರೆ ಬೇರೆ ಊರಿನವರು, ಬೇರೆ ಬೇರೆ ನಷ್ಟ ಅನುಭವಿಸಿದವರು ಹೇಳಿದ್ದು ಹೊಂದಿಕೊಂಡಾಗ ಅದನ್ನು ನಂಬದಿರಲು ಕಾರಣ ನನಗೆ ಸಿಕ್ಕಿಲ್ಲ.

ಇದನ್ನೆಲ್ಲ ತರಗತಿಯಲ್ಲಿ ಹೇಳುತ್ತೇನೆ. ಗೂಡಿನ ತೂಕ, ನೆಲದ ಅಲೆ, ಸತ್ತವರ ಸಂಖ್ಯೆ ಮೂರನ್ನೂ ಒಂದೇ ಮೇಜಿನ ಮೇಲಿಟ್ಟು, ಎಣಿಸಿದವರು ಎಲ್ಲಿ ನಿಂತಿದ್ದರು ಎಂದು ಹುಡುಕಿರಿ ಎನ್ನುತ್ತೇನೆ. ಮೊದಮೊದಲು ಕಂಪ್ಯೂಟರಿನ ಪರದೆಯಿಂದ ಕಣ್ಣು ತೆಗೆಯದ ಹುಡುಗ ಹುಡುಗಿಯರು ನಿಧಾನಕ್ಕೆ ತಲೆಯೆತ್ತುತ್ತಾರೆ. ರೇಷ್ಮೆ ಸಾಕುವ ಮನೆಯಿಂದ ಬಂದ ಒಬ್ಬ ವಿದ್ಯಾರ್ಥಿನಿ ಒಂದು ದಿನ ಎದ್ದು ನಿಂತು, “ಸಾರ್, ಹಾಳಾದ ಬೆಳೆಯ ಲೆಕ್ಕ ಮಾರ್ಕೆಟ್ಟಿನಲ್ಲಿ ಸಿಗಲ್ಲ ಅಂದ್ರಿ. ಚಾಕಿ ಸೆಂಟರ್ ಪುಸ್ತಕದಲ್ಲಿ ಸಿಗುತ್ತಲ್ವಾ?” ಎಂದು ಕೇಳಿದಳು.

ಅವಳು ಹೇಳಿದ್ದು ಸರಿಯಾಗಿದೆ. ಈಗ ಬಹಳಷ್ಟು ರೈತರು ಎಳೆಹುಳುವನ್ನು ಚಾಕಿ ಸಾಕಣೆ ಕೇಂದ್ರದಿಂದಲೇ ತರುತ್ತಾರೆ. ಯಾರು ಯಾವ ದಿನ ಎಷ್ಟು ಮೊಟ್ಟೆಯ ಚಾಕಿ ಒಯ್ದರು ಎಂಬುದು ಅಲ್ಲಿ ಬರೆದಿರುತ್ತದೆ. ಒಂದು ಚಿಟ್ಟೆ ಇಟ್ಟ ಮೊಟ್ಟೆಗಳನ್ನೆಲ್ಲ ಸೇರಿಸಿ ಒಂದು ಮೊಟ್ಟೆ ಎನ್ನುವ ಈ ಲೆಕ್ಕದಲ್ಲಿ, ನೂರು ಮೊಟ್ಟೆಗೆ ಮಿಶ್ರತಳಿಯಲ್ಲಿ ಅರುವತ್ತು ಎಪ್ಪತ್ತು ಕಿಲೊ ಗೂಡು ಬರಬೇಕು. ಚಾಕಿ ಹೋದದ್ದು ಒಂದು ಪುಸ್ತಕದಲ್ಲಿ, ಮೂರು ವಾರದ ಮೇಲೆ ಗೂಡು ಬಂದದ್ದು ಇನ್ನೊಂದು ಪುಸ್ತಕದಲ್ಲಿ. ಆ ಮೂರು ವಾರದ ತಡವನ್ನು ಸರಿಸಿ, ಎರಡನ್ನೂ ಎದುರುಬದುರು ಇಟ್ಟು ಕಳೆದರೆ ಉಳಿಯುವುದು ಮಾರುಕಟ್ಟೆಗೆ ಬಾರದ ಬೆಳೆ. ಯಾವ ಹೋಬಳಿಯಲ್ಲಿ, ಯಾವ ವಾರ, ಎಷ್ಟು ಮನೆಗಳಲ್ಲಿ ಎಂಬುದೂ ತಿಳಿಯುತ್ತದೆ. ರೋಗ ಒಂದು ಊರಿನಿಂದ ಇನ್ನೊಂದಕ್ಕೆ ಯಾವ ದಿಕ್ಕಿನಲ್ಲಿ ಹರಡಿತೆಂಬುದನ್ನೂ ಓದಬಹುದು. ಈ ವರ್ಷದ ಯೋಜನಾ ಕೆಲಸವಾಗಿ ಅವಳು ಮತ್ತು ಅವಳ ಗೆಳತಿಯರು ಇದನ್ನೇ ಆರಿಸಿಕೊಂಡಿದ್ದಾರೆ. ಚಾಕಿ ಕೇಂದ್ರದವರು ಪುಸ್ತಕ ತೋರಿಸಲು ಒಪ್ಪಿದ್ದಾರೆ. ಬೆಳೆ ಪೂರ್ತಿ ಹೋಯಿತೆಂದ ಆ ತಾಯಿಯ ಮನೆ ಆ ಪುಸ್ತಕದಲ್ಲಿ ಒಂದು ಸಾಲಾಗಿ ಇದ್ದೇ ಇರುತ್ತದೆ.